ನಟರ ಮನೆಯ ಮರಗೆಲಸ, ಬಾರದ ಬಾಕಿ

ಆ ನಟರ ಮನೆಯ ವಾರ್ಡ್‌ರೋಬನ್ನು ಮೂರು ಸಲ ಬಿಚ್ಚಿ ಕಟ್ಟಿದ್ದೀರಿ; ನಿಮ್ಮ ಸಿಟ್ಟು ನ್ಯಾಯವಾದದ್ದೇ. ದೊಡ್ಡವರ ಹತ್ತಿರ ದುಡ್ಡು ಕೇಳುವುದು ಹೇಗೆಂಬ ಸಂಕೋಚ ಬಿಡಿ. ಇನ್ನು ಅವರ ಮ್ಯಾನೇಜರ್ ಬಾಯಿಮಾತಿನಲ್ಲಿ ಬದಲಾವಣೆ ಹೇಳಿದರೆ, ಪ್ಲೈವುಡ್, ವೆನಿಯರ್, ಕೂಲಿಯ ಹೆಚ್ಚುವರಿ ಲೆಕ್ಕವನ್ನು ಅದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಒಪ್ಪಿಗೆ ಬರುವ ತನಕ ಉಳಿ ಮುಟ್ಟಬೇಡಿ. ನಿಮ್ಮ ಕೆಲಸದ ಫೋಟೊ ಹಾಕಿದರೆ ನಿಮಗೇ ಪ್ರಚಾರ ಎನ್ನುತ್ತಾರಲ್ಲ, ಅದರಿಂದ ನಿಮ್ಮ ಹುಡುಗರ ಬಟವಾಡೆ ಆಗುವುದಿಲ್ಲ. ಈಗಿರುವ ಬಾಕಿಗೆ ಲಿಖಿತ ಕರಾರಿಲ್ಲವೆಂದು ಕೈಚೆಲ್ಲಬೇಡಿ: ಪುಕ್ಕಟೆಯೆಂದು ಮಾಡದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ದಾವೆಗೆ ಕೆಲಸ ಮುಗಿದಂದಿನಿಂದ 3 ವರ್ಷ ಅವಕಾಶವಿದೆ. ಮೊದಲು ನೋಟಿಸ್ ಕೊಡಿ. ವಕೀಲರ ಖರ್ಚು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.