ಐದು ಅಕ್ಷರಗಳ ಪಟ್ಟಿ: ಆಟೊಇಮ್ಯೂನ್ ಕಾಯಿಲೆಯ ಪಾಠಕ್ಕೊಂದು ಚಟುವಟಿಕೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ಕಾಯಿಲೆಗಳ ಅಧ್ಯಾಯವಿದೆ. ಅದರಲ್ಲಿ ಆಟೊಇಮ್ಯೂನ್ ಕಾಯಿಲೆಗೆ ಸಿಗುವುದು ಒಂದು ಚಿಕ್ಕ ಪರಿಚ್ಛೇದ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೀವಕೋಶಗಳ ಮೇಲೆ ದಾಳಿ ಮಾಡುತ್ತದೆ, ರುಮಟಾಯ್ಡ್ ಸಂಧಿವಾತ ಇದಕ್ಕೆ ಉದಾಹರಣೆ, ವಂಶವಾಹಿಗಳ ಪಾತ್ರವಿದೆ ಎಂದು ಹೇಳಿ ಪ್ರಶಿಕ್ಷಣಾರ್ಥಿಗಳು ಮುಂದೆ ಹೋಗುತ್ತಾರೆ. ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರಬಹುದು: “ನಮ್ಮಮ್ಮಂಗೆ ಇದೇ ಕಾಯಿಲೆ ಇದೆ ಮೇಡಂ, ನಂಗೂ ಬರುತ್ತಾ?” ‘ವಂಶವಾಹಿಯ ನಂಟು’ ಎಂದರೇನು ಎಂಬುದು ಶಿಕ್ಷಕರಿಗೆ ಸ್ಪಷ್ಟವಿಲ್ಲದಿದ್ದರೆ, ಅವರು ಕೊಡುವ ಉತ್ತರ ಒಂದು ಮಗುವಿಗೆ ವರ್ಷಗಟ್ಟಲೆ ಭಯವಾಗಿ ಉಳಿಯುತ್ತದೆ.

ಬಿ.ಇಡಿ. ಬೋಧನೆಗೆ ಬರುವ ಮೊದಲು, ಪಿಎಚ್‌.ಡಿ. ಮುಗಿಸಿ ಕೆಲವು ವರ್ಷ ನಾನು ಬಯೋಇನ್‌ಫರ್ಮ್ಯಾಟಿಕ್ಸ್ ಸಂಶೋಧನೆಯಲ್ಲಿದ್ದೆ. ಆಟೊಇಮ್ಯೂನ್ ಕಾಯಿಲೆಗಳ ವಂಶವಾಹಿ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೋಲಿಸುವುದು ನನ್ನ ಕೆಲಸವಾಗಿತ್ತು. ಹೆಸರು ದೊಡ್ಡದಾದರೂ ತಿರುಳು ಸರಳ. ಅಕ್ಷರಗಳ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ, ಕಾಯಿಲೆ ಇರುವವರಲ್ಲಿ ಯಾವುದು ಹೆಚ್ಚು, ಇಲ್ಲದವರಲ್ಲಿ ಯಾವುದು ಹೆಚ್ಚು ಎಂದು ನೋಡಬೇಕು. ಕಂಪ್ಯೂಟರ್ ಇಲ್ಲದ ತರಗತಿಯಲ್ಲೂ ಇದನ್ನು ಮಾಡಿಸಬಹುದು.

ಶಿಕ್ಷಕರಿಗೆ ಹಿನ್ನೆಲೆ

ಎಚ್‌ಎಲ್‌ಎ-ಡಿಆರ್‌ಬಿ1 ವಂಶವಾಹಿಯಿಂದ ತಯಾರಾಗುವ ಪ್ರೋಟೀನ್, ಇತರ ಪ್ರೋಟೀನುಗಳ ತುಣುಕುಗಳನ್ನು ಹಿಡಿದು ಟಿ ಕೋಶಗಳಿಗೆ ತೋರಿಸುವ ವ್ಯವಸ್ಥೆಯ ಭಾಗ. ಇದರಲ್ಲಿ ಅನೇಕ ಬಗೆಗಳಿವೆ. ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳು 70ರಿಂದ 74ನೇ ಸ್ಥಾನಗಳ ಅಮೈನೋ ಆಮ್ಲಗಳಲ್ಲಿ ಒಂದನ್ನೊಂದು ಹೋಲುತ್ತವೆ ಎಂದು 1987ರಲ್ಲಿ ಪೀಟರ್ ಗ್ರೆಗರ್ಸನ್ ಮತ್ತು ಸಂಗಡಿಗರು ತೋರಿಸಿದರು.

ಬೋಧನೋಪಕರಣ

ಆರು ರಟ್ಟಿನ ಪಟ್ಟಿಗಳು ಸಾಕು. ಅಮೈನೋ ಆಮ್ಲಗಳಿಗೆ ನಾವೇ ಕನ್ನಡ ಅಕ್ಷರ ಕೊಟ್ಟುಕೊಳ್ಳೋಣ: ಗ್ಲುಟಮೀನ್‌ಗೆ ಗ, ಲೈಸೀನ್‌ಗೆ ಲ, ಆರ್ಜಿನೀನ್‌ಗೆ ರ, ಅಲನೀನ್‌ಗೆ ಅ, ಆಸ್ಪಾರ್ಟಿಕ್ ಆಮ್ಲಕ್ಕೆ ಪ, ಗ್ಲುಟಾಮಿಕ್ ಆಮ್ಲಕ್ಕೆ ಮ, ಗ್ಲೈಸೀನ್‌ಗೆ ಸ.

‘ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳು’:
1. ಗ-ಲ-ರ-ಅ-ಅ
2. ಗ-ರ-ರ-ಅ-ಅ
3. ರ-ರ-ರ-ಅ-ಅ

‘ಹಾಗೆ ಕಾಣದ ಬಗೆಗಳು’:
4. ಪ-ಮ-ರ-ಅ-ಅ
5. ಗ-ಅ-ರ-ಅ-ಅ
6. ಗ-ಲ-ರ-ಸ-ರ

ಚಟುವಟಿಕೆಯ ಹಂತಗಳು

ಮೊದಲು 1ರಿಂದ 3ರವರೆಗಿನ ಪಟ್ಟಿಗಳನ್ನು ಮಾತ್ರ ಕೊಡಿ. “ಮೂರರಲ್ಲೂ ಸಮಾನವಾದದ್ದು ಯಾವುದು?” ಎಂದು ಕೇಳಿ. ‘ರ-ಅ-ಅ’ ಎಂಬ ಉತ್ತರ ಬೇಗ ಬರುತ್ತದೆ. ಹಾಗಾದರೆ ಅದೇ ಕಾಯಿಲೆಯ ಗುರುತೇ ಎಂದು ಕೇಳಿ. ಹೆಚ್ಚಿನ ಗುಂಪುಗಳು ಹೌದೆನ್ನುತ್ತವೆ. ಇಲ್ಲಿ ತಿದ್ದಬೇಡಿ.

ಈಗ 4 ಮತ್ತು 5ನೇ ಪಟ್ಟಿ ಕೊಡಿ. ‘ರ-ಅ-ಅ’ ಅಲ್ಲಿಯೂ ಇದೆ! ರೋಗಿಗಳನ್ನಷ್ಟೇ ನೋಡಿದರೆ ಸಾಲದು, ಹೋಲಿಸಲು ಇನ್ನೊಂದು ಗುಂಪು ಬೇಕು ಎಂಬುದು ಮಕ್ಕಳಿಗೆ ಹೊಳೆಯುವುದು ಈ ಹಂತದಲ್ಲಿ. ಪಾಠದ ಜೀವಾಳ ಇದೇ. ಆಗ ಅವರ ಕಣ್ಣು ಎರಡನೇ ಅಕ್ಷರಕ್ಕೆ, ಅಂದರೆ 71ನೇ ಸ್ಥಾನಕ್ಕೆ ಹೋಗುತ್ತದೆ. ಮೊದಲ ಗುಂಪಿನಲ್ಲಿ ಅಲ್ಲಿ ಲ ಅಥವಾ ರ ಇದೆ. ಎರಡಕ್ಕೂ ಧನ ವಿದ್ಯುದಂಶ. ನಾಲ್ಕನೆಯದರಲ್ಲಿರುವ ಮ ಋಣ, ಐದನೆಯದರಲ್ಲಿರುವ ಅ ತಟಸ್ಥ.

ಕೊನೆಗೆ 6ನೇ ಪಟ್ಟಿ ಕೊಡಿ. 71ರಲ್ಲಿ ಲ ಇದ್ದರೂ ಇದು ಎರಡನೇ ಗುಂಪಿನಲ್ಲಿದೆ, ಏಕೆ? ಕೊನೆಯ ಅಕ್ಷರವನ್ನೂ, ಅಂದರೆ 74ನೇ ಸ್ಥಾನವನ್ನೂ ನೋಡಬೇಕು ಎಂಬ ತೀರ್ಮಾನಕ್ಕೆ ಗುಂಪುಗಳು ತಾವೇ ಬರಲಿ.

ವಿಸ್ತರಣೆ

ಆರು ಪಟ್ಟಿಗಳನ್ನು ಕಣ್ಣಿನಲ್ಲೇ ಹೋಲಿಸಬಹುದು, ಸಾವಿರಾರು ಜನರ ಮಾಹಿತಿಗೆ ಕಂಪ್ಯೂಟರ್ ಬೇಕು. 2012ರಲ್ಲಿ ಸೌಮ್ಯ ರಾಯ್‌ಚೌಧರಿ ಮತ್ತು ಸಂಗಡಿಗರು 5,018 ರೋಗಿಗಳನ್ನು ಕಾಯಿಲೆಯಿಲ್ಲದ 14,974 ಜನರೊಂದಿಗೆ ಹೋಲಿಸಿದರು. ಈ ಪ್ರೋಟೀನಿನಲ್ಲಿ ಮುಖ್ಯವೆಂದು ಕಂಡದ್ದು 11, 71 ಮತ್ತು 74ನೇ ಸ್ಥಾನಗಳು. ಮಕ್ಕಳು ರಟ್ಟಿನ ಪಟ್ಟಿಯಲ್ಲಿ ಹುಡುಕಿದ ಎರಡು ಸ್ಥಾನಗಳು ಅಲ್ಲಿವೆ. 11ನೆಯದು ನಮ್ಮ ಪಟ್ಟಿಯ ಹೊರಗಿದೆ. ನೋಡದ ಜಾಗದಲ್ಲೂ ಉತ್ತರ ಇರಬಹುದು ಎಂಬ ಮಾತನ್ನು ಇಲ್ಲಿ ಹೇಳಬಹುದು.

ಅಮ್ಮನ ಬಗ್ಗೆ ಕೇಳಿದ ಮಗುವಿಗೂ ಈ ಹಂತದಲ್ಲೇ ಉತ್ತರ ಕೊಡಬೇಕು. ಮೊದಲ ಗುಂಪಿನ ಬಗೆಗಳು ಆರೋಗ್ಯವಂತರಲ್ಲೂ ಇರುತ್ತವೆ. ಏಕರೂಪ ಅವಳಿಗಳ ವಂಶವಾಹಿಗಳು ಬಹುತೇಕ ಒಂದೇ. ಆದರೂ 1993ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಒಬ್ಬರಿಗೆ ಈ ಕಾಯಿಲೆ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ಶೇ. 15ರಷ್ಟು ಜೋಡಿಗಳಲ್ಲಿ ಮಾತ್ರ. ಅಂದರೆ ವಂಶವಾಹಿ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ತೀರ್ಪು ಕೊಡುವುದಿಲ್ಲ. ಬೀಡಿ, ಸಿಗರೇಟಿನಂಥ ಹೊರಗಿನ ಕಾರಣಗಳೂ ಸೇರಿಕೊಳ್ಳುತ್ತವೆ. “ಅಮ್ಮನಿಗೆ ಇದೆ ಅಂದ ಮಾತ್ರಕ್ಕೆ ನಿನಗೆ ಬಂದೇ ಬರುತ್ತೆ ಅಂತಲ್ಲ. ಕೀಲು ನೋವು, ಬಾವು ಬಹಳ ದಿನ ಇದ್ದರೆ ಡಾಕ್ಟರಿಗೆ ತೋರಿಸಬೇಕು, ಅಷ್ಟೆ” ಎಂದು ಸಮಾಧಾನದಿಂದ ಹೇಳಿ. ಆ ಮಗುವನ್ನು ತರಗತಿಯ ಉದಾಹರಣೆ ಮಾಡಬೇಡಿ.

ಮೌಲ್ಯಮಾಪನ

“ಒಂದು ಊರಿನ ಸಂಧಿವಾತ ರೋಗಿಗಳೆಲ್ಲ ರಾಗಿ ಉಣ್ಣುತ್ತಾರೆ. ರಾಗಿಯೇ ಕಾರಣವೇ?” ಎಂಬ ಪ್ರಶ್ನೆ ಕೊಡಿ. “ಕಾಯಿಲೆ ಇಲ್ಲದವರು ಏನು ಉಣ್ಣುತ್ತಾರೆ?” ಎಂದು ತಿರುಗಿ ಕೇಳುವ ವಿದ್ಯಾರ್ಥಿಗೆ ಪಾಠ ಮುಟ್ಟಿದೆ.

ಪಾಠ ವೀಕ್ಷಿಸುವವರು ಒಂದನ್ನು ಗಮನಿಸಲಿ: ಕಪ್ಪುಹಲಗೆಯ ಮೇಲೆ ಮೊದಲ ಗುಂಪಿನ ಶೀರ್ಷಿಕೆ ‘ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳು’ ಎಂದೇ ಇರಬೇಕು. ಅದನ್ನು ‘ರೋಗದ ವಂಶವಾಹಿ’ ಎಂದು ಚುಟುಕು ಮಾಡಿದರೆ ಇಡೀ ಪಾಠ ಕಲಿಸಿದ್ದನ್ನು ಆ ಎರಡು ಪದ ಅಳಿಸಿಹಾಕುತ್ತವೆ.