ಆರೋಗ್ಯ ಪ್ರಶ್ನೋತ್ತರ: ಬಾಣಂತಿಯ ಬಾಯಿಗೆ ಬಾರದ ಮಾತು

ಪ್ರಶ್ನೆ: ನಾನು ಬಸ್ರೂರಿನವಳು. ಚೊಚ್ಚಲ ಹೆರಿಗೆಯಾಗಿ ಮೂರು ತಿಂಗಳಾಯಿತು. ಹೆರಿಗೆಯಲ್ಲಿ ಹೊಲಿಗೆ ಬಿದ್ದಿತ್ತು. ಈಗ ಕೆಮ್ಮಿದರೆ, ಸೀನಿದರೆ, ಬಾವಿಯಿಂದ ಕೊಡಪಾನ ಎತ್ತಿದರೆ ಮೂತ್ರ ಜಿನುಗುತ್ತದೆ. ಅಮ್ಮನಿಗೆ ಹೇಳಿದರೆ “ಹೆತ್ತ್ ಮೇಲೆ ಇದೆಲ್ಲ ಇಪ್ಪುದೇ, ಸುಮ್ನಿರ್” ಎನ್ನುತ್ತಾರೆ. ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕ, ಅಲ್ಲಿ ಈ ತೊಂದರೆಗೆಂದೇ ತರಬೇತಾದ ಸೂಲಗಿತ್ತಿಯರು ಇದ್ದಾರೆ ಎನ್ನುತ್ತಾಳೆ. ಇದು ನಿಜವೆ? ನಮ್ಮಲ್ಲಿ ಯಾರನ್ನು ಕೇಳಬೇಕು?

ಉತ್ತರ: ಸಹೋದರಿ, ನಿಮ್ಮ ತಾಯಿಯವರ ಮಾತಿನಲ್ಲಿ ಅರ್ಧ ಸತ್ಯವುಂಟು. ಈ ಬಾಧೆ ಹೆತ್ತವರಲ್ಲಿ ಬಹುಮಂದಿಗೆ ಒದಗತಕ್ಕದ್ದೇ; ಆದರೆ ಬಹುಮಂದಿಗೆ ಒದಗುವುದೆಂಬ ಕಾರಣಮಾತ್ರದಿಂದ ಅದನ್ನು ಸ್ತ್ರೀಜನ್ಮದ ಪ್ರಾರಬ್ಧವೆಂದೂ ಚಿಕಿತ್ಸೆಗೆ ಅತೀತವಾದುದೆಂದೂ ಭಾವಿಸಿ ಸುಮ್ಮನಿರುವುದು, ನಮ್ಮ ಮನೆಗಳ ಒಳಕೋಣೆಗಳಲ್ಲಿ ಅಜ್ಜಿಯಿಂದ ತಾಯಿಗೂ ತಾಯಿಯಿಂದ ಮಗಳಿಗೂ ನಾಚಿಕೆಯೊಡನೆ ಇಳಿದುಬಂದ ಸಂಕಟವನ್ನು ಇನ್ನೊಂದು ತಲೆಮಾರಿಗೆ ದಾಟಿಸುವುದೇ ಆಗುತ್ತದೆ.

ಕಿಬ್ಬೊಟ್ಟೆಯ ಕೆಳಗಣ ಮುಂದಿನ ಎಲುಬಿನಿಂದ ಬೆನ್ನಿನ ತುದಿಯ ಬಾಲದೆಲುಬಿನವರೆಗೆ, ತೊಲೆಗೆ ಕಟ್ಟಿದ ಜೋಲಿಯಂತೆ ಹಬ್ಬಿಕೊಂಡು, ಮೂತ್ರಕೋಶ, ಗರ್ಭಕೋಶ, ಮಲಾಶಯಗಳ ಭಾರವನ್ನು ಹೊತ್ತಿರುವ ಸ್ನಾಯುಗಳ ಹಾಸೊಂದಿದೆ. ಅದನ್ನು ಶ್ರೋಣಿತಲವೆಂದು ಕರೆಯಬಹುದು. ಒಂಬತ್ತು ತಿಂಗಳ ಭಾರದಿಂದ ಅದು ಜಗ್ಗುತ್ತದೆ. ಶಿಶುವಿನ ತಲೆ ಹೊರಬರುವಾಗ ಬಹಳವಾಗಿ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಒಮ್ಮೆಲೇ ಕೆಳಕ್ಕೆ ಬೀಳುವುದರಿಂದ, ಸಡಿಲಗೊಂಡ ಸ್ನಾಯು ಮೂತ್ರದ್ವಾರವನ್ನು ಬಿಗಿಹಿಡಿಯಲಾರದೆ ಹನಿ ಜಾರುತ್ತದೆ. ನಡೆದದ್ದು ಇಷ್ಟೇ, ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.

ನಿಮ್ಮ ಅಕ್ಕ ಹೇಳಿದ್ದು ನಿಜ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2019ರಲ್ಲಿ ಪ್ರಕಟಿಸಿದ ದೀರ್ಘಕಾಲಿಕ ಯೋಜನೆಯಲ್ಲಿ, ಹೆರಿಗೆಯ ಹಿಂದುಮುಂದಿನ ಕಾಲದ ಶ್ರೋಣಿತಲ ರಕ್ಷಣೆಗೆ ಪ್ರತ್ಯೇಕ ವ್ಯವಸ್ಥೆಯನ್ನು ಕಲ್ಪಿಸುವ ಸಂಕಲ್ಪ ಮಾಡಿತು. ಅಲ್ಲಿ ಈ ವಿಷಯದಲ್ಲಿ ವಿಶೇಷ ಪರಿಣತಿ ಪಡೆದ ಸೂಲಗಿತ್ತಿಯು ಭೌತಚಿಕಿತ್ಸಕರು ಮತ್ತು ವೈದ್ಯರೊಡನೆ ಕೂಡಿ ಕೆಲಸ ಮಾಡುತ್ತಾಳೆ. ಗರ್ಭಿಣಿಗೆ ಈ ಸ್ನಾಯುವನ್ನು ಗುರುತಿಸಿ ಬಿಗಿಹಿಡಿಯಲು ಕಲಿಸುವುದು, ಹೆರಿಗೆಯಲ್ಲಿ ಆದ ಸೀಳು ಎಷ್ಟು ಆಳದ್ದೆಂದು ಸರಿಯಾಗಿ ಗುರುತಿಸುವಂತೆ ಜೊತೆಯ ದಾದಿಯರನ್ನು ತರಬೇತುಗೊಳಿಸುವುದು, ಹೆರಿಗೆಯಾದ ಆರು ಗಂಟೆಗಳೊಳಗೆ ಬಾಣಂತಿಗೆ ಮೂತ್ರವಾಯಿತೇ ಎಂದು ನೋಡುವಂತೆ ಮಾಡುವುದು, ಹೊಲಿಗೆ ಮಾಯುವುದನ್ನು ಗಮನಿಸುವುದು, ಅಗತ್ಯವಿದ್ದವರನ್ನು ತಜ್ಞರೆಡೆಗೆ ಕಳುಹುವುದು, ಇವೆಲ್ಲ ಆಕೆಯ ಹೊಣೆ. ಆದರೆ ಇವೆಲ್ಲಕ್ಕಿಂತಲೂ ನಾನು ಬೆಲೆಕೊಡುವುದು ಆಕೆಯ ಒಂದು ಪ್ರಶ್ನೆಗೆ: “ಮೂತ್ರ, ವಾಯು, ಮಲ ಹಿಡಿದುಕೊಳ್ಳಲು ಆಗುತ್ತದೆಯೆ?” ಎಂದು ಆಕೆ ತಾನಾಗಿಯೇ ಕೇಳುತ್ತಾಳೆ. ಮಗುವಿನ ನೆಗಡಿಗೆಂದು ಬಂದು, ಎದ್ದು ಹೋಗುವಾಗ ಬಾಗಿಲ ಬಳಿ ನಿಂತು, ತಲೆತಗ್ಗಿಸಿ ತಮ್ಮ ಸಂಕಟವನ್ನು ಹೇಳಿದ ತಾಯಂದಿರು ನನ್ನಲ್ಲಿಗೆ ಎಷ್ಟೋ ಮಂದಿ ಬಂದಿದ್ದಾರೆ. ನಾನೇ ಮೊದಲು ಕೇಳಿದ್ದರೆ ಅವರು ಅಷ್ಟು ಹೊತ್ತು ಕಾಯಬೇಕಾಗಿರಲಿಲ್ಲ.

ನಮ್ಮ ನಾಡಿಗೆ ಸೂಲಗಿತ್ತಿಯ ಗೌರವ ಹೊಸದಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಆಸ್ಪತ್ರೆಯಿಲ್ಲದ ಸೀಮೆಯಲ್ಲಿ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅದೇ ತಿಂಗಳಲ್ಲಿ ಭಾರತ ಸರಕಾರವು, ದಾದಿಯರಿಗೆ 18 ತಿಂಗಳ ವಿಶೇಷ ಶಿಕ್ಷಣವಿತ್ತು ಪ್ರಸೂತಿಸೇವೆಗೆ ಸಜ್ಜುಗೊಳಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ಅಂತಹ ಶಿಕ್ಷಣ ಪಡೆದವರು ತಾಲೂಕುತಾಲೂಕಿಗೆ ಬರಬೇಕು, ಅವರಲ್ಲಿ ಒಬ್ಬಳಾದರೂ ಈ ಶ್ರೋಣಿತಲದ ವಿದ್ಯೆಯನ್ನೇ ವಿಶೇಷವಾಗಿ ಕಲಿತಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿಯವರೆಗೆ ನಿಮ್ಮ ಉಪಕೇಂದ್ರದ ನರ್ಸಮ್ಮನವರಲ್ಲಿ, ಮನೆಗೆ ಬರುವ ಆಶಾ ಕಾರ್ಯಕರ್ತೆಯಲ್ಲಿ ಸಂಕೋಚವಿಲ್ಲದೆ ಹೇಳಿರಿ. ಆಸ್ಪತ್ರೆಯ ಹೆರಿಗೆಯ ಬಳಿಕ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಮನೆಗೆ ಬರತಕ್ಕದ್ದೆಂಬ ನಿಯಮವಿದೆ. ಮಗುವಿನ ತೂಕ ನೋಡುವ ಆ ಹೊತ್ತಿನಲ್ಲಿಯೇ ತಾಯಿಗೆ ಈ ಪ್ರಶ್ನೆ ಹಾಕುವುದಕ್ಕೆ ಒಂದು ನಿಮಿಷವೂ ಬೇಡ.

ಇನ್ನು ನೀವು ಮಾಡತಕ್ಕದ್ದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವೇ ಇಂದಿಗೂ ಮೊದಲ ಚಿಕಿತ್ಸೆ. ವಾಯುವನ್ನು ತಡೆಹಿಡಿಯುವಂತೆ ಒಳಗಿನಿಂದ ಮೇಲಕ್ಕೆ ಸೆಳೆದುಕೊಳ್ಳಿರಿ. ಉಸಿರು ಕಟ್ಟಬಾರದು, ತೊಡೆ ಬಿಗಿಯಬಾರದು. ಮೊದಲು ಮೂರು ನಾಲ್ಕು ಸೆಕೆಂಡು, ಬರಬರುತ್ತಾ ಹತ್ತರವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲಬಿಡಿರಿ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಮಗುವಿಗೆ ಹಾಲೂಡುವ ಹೊತ್ತು ಇದಕ್ಕೆ ಅನುಕೂಲ. ಕೆಮ್ಮು ಬರುವ ಮೊದಲೇ ಬಿಗಿಹಿಡಿಯಲು ಅಭ್ಯಾಸ ಮಾಡಿರಿ. ಬಾವಿಯ ಕೆಲಸವನ್ನು ಸದ್ಯಕ್ಕೆ ಮನೆಯ ಗಂಡಸರು ಮಾಡಲಿ. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಪ್ರಸೂತಿ ತಜ್ಞರನ್ನೂ ಭೌತಚಿಕಿತ್ಸಕರನ್ನೂ ಕಾಣತಕ್ಕದ್ದು. ಮಣಿಪಾಲದಲ್ಲಿ ಇಬ್ಬರೂ ಒಂದೇ ಕಡೆ ದೊರೆಯುತ್ತಾರೆ.

ಪ್ರಶ್ನೆ: ಸೊಸೆ ಬಾಣಂತಿ. ನೀರು ಹೆಚ್ಚು ಕೊಡಬಾರದು, ಹೊಟ್ಟೆ ಬಿಗಿಯಾಗಿ ಕಟ್ಟಬೇಕು ಎಂಬ ಪದ್ಧತಿ ನಮ್ಮಲ್ಲಿದೆ. ಸರಿಯೆ?

ಉತ್ತರ: ಅಮ್ಮಾ, ಬಾಣಂತಿಗೆ ವಿಶ್ರಾಂತಿ, ಬಿಸಿನೀರ ಸ್ನಾನ, ಹಿರಿಯರ ಆರೈಕೆ ಇವನ್ನು ವಿಧಿಸಿದ ನಮ್ಮ ಹಿಂದಿನವರ ಕರುಣೆಗೆ ನಾನು ಕೈಮುಗಿಯುತ್ತೇನೆ. ನೀರಿನ ನಿಷೇಧವನ್ನು ಮಾತ್ರ ಬಿಡಿರಿ. ನೀರು ಸಾಲದಿದ್ದರೆ ಮಲಬದ್ಧತೆ, ಮಲಬದ್ಧತೆಯಿಂದ ಮುಕ್ಕುವುದು, ಮುಕ್ಕಿದಷ್ಟೂ ಆಗಲೇ ಸೋತ ಸ್ನಾಯು ಇನ್ನೂ ಜಗ್ಗುವುದು. ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ ಧಾರಾಳವಾಗಿ ಉಣ್ಣಲಿ. ಹೊಟ್ಟೆಗೆ ಬಟ್ಟೆಯನ್ನು ಹಗುರಾಗಿ ಸುತ್ತಬಹುದು. ಉಸಿರು ಕಟ್ಟುವಷ್ಟು ಬಿಗಿದರೆ ಆ ಒತ್ತಡವೆಲ್ಲ ಕೆಳಕ್ಕೇ ಇಳಿಯುತ್ತದೆ.

ಪ್ರಶ್ನೆ: ನನಗೆ ಏಳು ತಿಂಗಳು. ನನ್ನ ತಾಯಿ ಗರ್ಭಕೋಶ ಜಾರಿ ಕಷ್ಟಪಡುತ್ತಿದ್ದಾರೆ. ನನಗೂ ಹಾಗಾಗುವುದೆ?

ಉತ್ತರ: ಆಗಿಯೇ ತೀರುವುದೆಂದಲ್ಲ, ಆದರೆ ತಾಯಿಗೆ ಇದ್ದ ದೌರ್ಬಲ್ಯ ಮಗಳಿಗೂ ಬರುವ ಸಂಭವ ತುಸು ಹೆಚ್ಚು. ಆದ್ದರಿಂದ ಮೇಲೆ ಹೇಳಿದ ವ್ಯಾಯಾಮವನ್ನು ಇಂದೇ ಆರಂಭಿಸಿರಿ, ಮತ್ತು ತಾಯಿಯವರ ಸಂಗತಿಯನ್ನು ಹೆರಿಗೆ ಮಾಡಿಸುವವರಿಗೆ ಮುಂಚಿತವಾಗಿ ತಿಳಿಸಿರಿ. ಶಿಶುವಿನ ತಲೆ ಕಾಣಿಸಿಕೊಳ್ಳುವ ಹೊತ್ತಿನಲ್ಲಿ ಬೆಚ್ಚನೆಯ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಸ್ಥಳಕ್ಕೆ ಒತ್ತಿಹಿಡಿದರೆ ಆಳವಾದ ಸೀಳುಗಳು ಕಡಮೆಯಾಗುತ್ತವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇದಕ್ಕೆ ಖರ್ಚಿಲ್ಲ, ಬೇಕಾದದ್ದು ತಾಳ್ಮೆಯುಳ್ಳ ಕೈಗಳು. ನಿಮ್ಮ ತಾಯಿಯವರಿಗೂ ಉಪಾಯವುಂಟು: ಗರ್ಭಕೋಶವನ್ನು ಎತ್ತಿಹಿಡಿಯುವ ಪೆಸರಿ ಎಂಬ ಬಳೆಯನ್ನು ಒಳಗೆ ಇರಿಸಬಹುದು, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ವಯಸ್ಸಾಯಿತೆಂದು ಅವರನ್ನು ಮನೆಯಲ್ಲಿಯೇ ಬಿಡಬೇಡಿರಿ; ಮುಂದಿನ ತಿಂಗಳು ನೀವು ತಾಯಿ ಕಾರ್ಡು ಹಿಡಿದು ಕುಂದಾಪುರದ ಆಸ್ಪತ್ರೆಗೆ ಹೋಗುವ ದಿನ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ತೋರಿಸಿರಿ.