ಅಂಗಳದ ಬಾರಿಗಿಡ: ಪಾಠ ಮತ್ತು ಬೋಧನ ಸೂಚನೆ

ತರಗತಿ: 4 ಮತ್ತು 5
ವಿಷಯ: ಪರಿಸರ ಅಭ್ಯಾಸ, ಕನ್ನಡ
ಅವಧಿ: 3

ಉದ್ದೇಶಗಳು

1. ನೀರಿನ ಕೊರತೆಯಿರುವ ಊರಿನಲ್ಲಿ ಹಣ್ಣಿನ ಮರವೊಂದನ್ನು ಬೆಳೆಸುವ ಕ್ರಮವನ್ನು ವಿದ್ಯಾರ್ಥಿಯು ಅರಿಯುವನು.
2. ಮರದ ರಚನೆಗೂ ಅದು ಬೆಳೆಯುವ ನೆಲಕ್ಕೂ ಇರುವ ಸಂಬಂಧವನ್ನು ವಿವರಿಸುವನು.
3. ಮನೆಮಾತಿನ ಶಬ್ದದಿಂದ ಪಠ್ಯದ ಶಬ್ದಕ್ಕೆ ಸಂಕೋಚವಿಲ್ಲದೆ ಸಾಗುವನು.

ಪೀಠಿಕೆ

ಹಣ್ಣುಗಳ ಚಿತ್ರಪಟಗಳಲ್ಲಿ ಕಾಣುವ ಪ್ಲಮ್ ಹಣ್ಣು ಸೇಬು, ಗುಲಾಬಿಗಳ ಕುಟುಂಬಕ್ಕೆ ಸೇರಿದುದು. ಅದರ ಮರಕ್ಕೆ ಚಳಿಗಾಲದ ದೀರ್ಘ ಶೀತ ಬೇಕು. ಆದುದರಿಂದ ಅದು ಕಾಶ್ಮೀರ, ಹಿಮಾಚಲ ಪ್ರದೇಶಗಳಂಥ ತಂಪು ನಾಡುಗಳಲ್ಲಿ ಬೆಳೆಯುತ್ತದೆ. ಜತ್ತ ತಾಲೂಕಿನ ವಳಸಂಗದಂಥ ಬಿಸಿಲೂರಿನ ಅಂಗಳಕ್ಕೆ ಅದು ಒಗ್ಗದು. ಆದರೆ ‘ಇಂಡಿಯನ್ ಪ್ಲಮ್’ ಎಂಬ ಹೆಸರೂ ಉಳ್ಳ ಇನ್ನೊಂದು ಹಣ್ಣು ಈ ಭಾಗದ ಮಕ್ಕಳಿಗೆ ಚಿರಪರಿಚಿತ. ಅದೇ ಬಾರಿಹಣ್ಣು.

ಶಿಕ್ಷಕರು ಬಾರಿಯ ಟೊಂಗೆಯೊಂದನ್ನು ತರಗತಿಗೆ ತಂದು ‘ಇದು ಯಾವುದು?’ ಎಂದು ಕೇಳಬೇಕು. ‘ಬಾರಿಗಿಡ’ ಎಂದು ಒಂದು ಮಗು, ‘ಬೋರ’ ಎಂದು ಮತ್ತೊಂದು ಮಗು ಹೇಳಬಹುದು. ಆ ಕ್ಷಣದಲ್ಲಿ ‘ಬಾರಿಯಲ್ಲ, ಬೋರೆ, ಗಿಡವಲ್ಲ, ಮರ’ ಎಂದು ತಿದ್ದಿದರೆ, ಸರಿಯಾಗಿ ಗುರುತಿಸಿದ ಮಗು ತಾನು ತಪ್ಪಿದೆನೆಂದೇ ತಿಳಿಯುತ್ತದೆ, ಮುಂದಿನ ಪ್ರಶ್ನೆಗೆ ಬಾಯಿ ತೆರೆಯದು. ಗಡಿಭಾಗದ ತರಗತಿಗಳ ಮೌನಕ್ಕೆ ಇಂಥ ಅವಸರದ ತಿದ್ದುಪಡಿಯೂ ಒಂದು ಕಾರಣ. ಬಂದ ಹೆಸರುಗಳನ್ನೆಲ್ಲ ಫಲಕದ ಮೇಲೆ ಬರೆದು, ಪಠ್ಯಭಾಷೆಯ ಬೋರೆ, ದಕ್ಷಿಣ ಕರ್ನಾಟಕದ ಎಲಚಿ, ಸಂಸ್ಕೃತದ ಬದರಿ ಎಂಬವನ್ನು ಅವುಗಳ ಪಕ್ಕದಲ್ಲಿ ಸೇರಿಸಬೇಕು.

ವಿಷಯ ನಿರೂಪಣೆ

ಅವಲೋಕನ: ಎಲೆಯ ಮೇಲ್ಭಾಗ ಹಸುರು, ನುಣುಪು, ಕೆಳಭಾಗದಲ್ಲಿ ಬಿಳಿಯ ನವಿರಾದ ರೋಮಗಳಿವೆ. ಅವು ಎಲೆಯಿಂದ ನೀರು ಆರಿಹೋಗುವುದನ್ನು ತಡೆಯುತ್ತವೆ. ತಾಯಿಬೇರು ನೆಲದೊಳಗೆ ಆಳಕ್ಕಿಳಿಯುತ್ತದೆ. ಕಡುಬೇಸಿಗೆಯಲ್ಲಿ ಮರವು ಎಲೆಯುದುರಿಸಿ ವಿಶ್ರಮಿಸುತ್ತದೆ. ಊರಿಗೆ ಕುಡಿಯುವ ನೀರೇ ದುರ್ಲಭವಾದ ತಿಂಗಳುಗಳಲ್ಲಿ ಬೆಳೆದ ಬಾರಿಮರವು ನೀರನ್ನು ಬೇಡುವುದಿಲ್ಲ.

ನೆಡುವಿಕೆ: ಉದ್ದ, ಅಗಲ, ಆಳ ತಲಾ 60 ಸೆಂ.ಮೀ. ಇರುವ ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು, ಮೇಲ್ಮಣ್ಣು ಮತ್ತು ಕೊಳೆತ ಸಗಣಿಗೊಬ್ಬರ ತುಂಬಬೇಕು. ಮಳೆ ಬಿದ್ದೊಡನೆ ಎರಡು ಮೂರು ಬೀಜಗಳನ್ನು ಅಲ್ಲಿಯೇ ಊರುವುದು ಉತ್ತಮ. ಸಸಿಯನ್ನು ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟಾಗುತ್ತದೆ. ಬೀಜದ ಗಟ್ಟಿ ಓಡನ್ನು ಮೆಲ್ಲನೆ ಒಡೆದು ಬಿತ್ತಿದರೆ ಬೇಗ ಮೊಳೆಯುತ್ತದೆ. ಮೊದಲ ಬೇಸಿಗೆಯಲ್ಲಿ ಮಾತ್ರ ಎಳೆಯ ಸಸಿಗೆ ನೀರು ಬೇಕು. ತಳದಲ್ಲಿ ಸಣ್ಣ ತೂತುಳ್ಳ ಮಣ್ಣಿನ ಮಡಕೆಯನ್ನು ಪಕ್ಕದಲ್ಲಿ ಹೂತು, ಕೈತೊಳೆದ ನೀರನ್ನು ಅದಕ್ಕೆ ಸುರಿದರೆ ಸಾಕು.

ಕಣ್ಣುಕಸಿ: ಬೀಜದಿಂದ ಬೆಳೆದ ಮರದ ಹಣ್ಣು ಹೇಗಿರುವುದೋ ಹೇಳಲಾಗದು. ಆದುದರಿಂದ ಕಾಂಡವು ಪೆನ್ಸಿಲಿನಷ್ಟು ದಪ್ಪವಾದ ಬಳಿಕ, ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲದಲ್ಲಿ, ಉಮ್ರಾನ್ ಅಥವಾ ಕಡಾಕಾದಂಥ ಒಳ್ಳೆಯ ತಳಿಯ ಮೊಗ್ಗನ್ನು ತೊಗಟೆಸಹಿತ ತಂದು ಅದಕ್ಕೆ ಕೂಡಿಸುತ್ತಾರೆ. ಹೊಲದ ಬದುವಿನ ಕಾಡುಬಾರಿಗೂ ಹೀಗೆ ಕಸಿ ಕಟ್ಟಬಹುದು. ಸಿಹಿಹಣ್ಣು ಬರುವುದು ಹೊಸ ಕಣ್ಣಿನಿಂದ. ಅದನ್ನು ಬರಗಾಲದಲ್ಲಿ ಉಳಿಸುವುದು ಹಳೆಯ ಬೇರು. ಪಠ್ಯಶಬ್ದವನ್ನು ಕಲಿಸುವ ರೀತಿಯೂ ಇದೇ.

ಸವರುವಿಕೆ: ದ್ರಾಕ್ಷಿ ಬೆಳೆಗಾರರು ‘ಚಾಟಣಿ’ ಎನ್ನುವ ಕೆಲಸವನ್ನು ಬಾರಿಗೂ ಏಪ್ರಿಲ್–ಮೇ ತಿಂಗಳಲ್ಲಿ ಮಾಡಬೇಕು. ಹೂ ಬಿಡುವುದು ಆಯಾ ವರ್ಷದ ಹೊಸ ಚಿಗುರಿನಲ್ಲಿ. ಸವರದ ಮರದಲ್ಲಿ ಮುಳ್ಳು ಹೆಚ್ಚಿ ಹಣ್ಣು ಸಣ್ಣದಾಗುತ್ತದೆ.

ರಕ್ಷಣೆ: ಹಣ್ಣುನೊಣದ ಹುಳು ಬಿದ್ದ ಹಣ್ಣಿನಿಂದ ಮಣ್ಣಿಗಿಳಿದು ಕೋಶವಾಗುತ್ತದೆ. ಬಿದ್ದ ಹಣ್ಣುಗಳನ್ನು ಆರಿಸಿ ನಾಶಪಡಿಸಬೇಕು. ಬೇಸಿಗೆಯಲ್ಲಿ ಬುಡದ ಮಣ್ಣನ್ನು ಕೆದಕಿ ಬಿಸಿಲಿಗೊಡ್ಡಬೇಕು.

ಚಟುವಟಿಕೆಗಳು

1. ಗುಂಡಿಯ ಘನಫಲವನ್ನು ಲೀಟರಿನಲ್ಲಿ ಕಂಡುಹಿಡಿಯಿರಿ. (ಉತ್ತರ: 216 ಲೀಟರ್)
2. ಸಂಕ್ರಾಂತಿಯ ವೇಳೆಗೆ ಎಳೆಯ ಮಕ್ಕಳ ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ಚೂರು, ಚುರಮುರಿ ಸುರಿಯುವ ರೂಢಿಯಿದೆ. ಕನ್ನಡ ಮನೆಗಳಲ್ಲಿ ಇದು ‘ಕರಿ ಎರೆಯುವುದು’. ಮರಾಠಿ ಮನೆಗಳಲ್ಲಿ ‘ಬೋರನ್ಹಾಣ’. ಇದರ ಕುರಿತು ಮನೆಯ ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.

ಮೌಲ್ಯಮಾಪನ

1. ಬಾರಿಯ ಬೀಜವನ್ನು ಗುಂಡಿಯಲ್ಲಿಯೇ ಏಕೆ ಊರಬೇಕು?
2. ಬೇಸಿಗೆಯಲ್ಲಿ ಟೊಂಗೆಗಳನ್ನು ಏಕೆ ಸವರಬೇಕು?
3. ಎಲೆಯ ಕೆಳಭಾಗದ ರೋಮಗಳಿಂದ ಮರಕ್ಕೇನು ಪ್ರಯೋಜನ?

ಶಿಕ್ಷಕರಿಗೆ ಸೂಚನೆ: ಉತ್ತರದಲ್ಲಿ ‘ಬೋರೆಮರ’ ಎಂಬುದಕ್ಕೆ ಬದಲಾಗಿ ‘ಬಾರಿಗಿಡ’ ಎಂದು ಬರೆದವರ ಅಂಕವನ್ನು ಕಡಿತಗೊಳಿಸಬಾರದು. ಕಾರಣವನ್ನು ಸರಿಯಾಗಿ ಹೇಳಿದೆಯೇ ಎಂಬುದನ್ನಷ್ಟೇ ನೋಡಬೇಕು.